ಮೂವತ್ತು ಸೆಕೆಂಡು

ಮೊದಲ ಸೆಮಿಸ್ಟರಿನಲ್ಲಿ ನನಗೆ ಹತ್ತಕ್ಕೆ ನಾಲ್ಕು.
ಸೂಪರ್ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ನಿಂತು
ಫೋನಿನಲ್ಲಿ ಹಿಡಿದು ತಂದ ಒಂದು ನಿಮಿಷದ ಸದ್ದು.
"ಗಾಳಿ, ಮತ್ತು ನಿನ್ನ ಬಳೆ" ಎಂದು ಬರೆದರು ಮಾಣಿಕರಾವ್ ಸರ್
ಹಸಿರು ಶಾಯಿಯಲ್ಲಿ. "ಮಾರ್ಕೆಟ್ ಎಲ್ಲಿ?"

ಬಳೆ ಬಿಚ್ಚಿಟ್ಟು ಹೊರಡುವುದನ್ನು ಅಂದು ಕಲಿತೆ.
"ಬರಿಗೈಲೆ ಹೊಂಟೀಯಲ್ಲ, ಯಾಕ?" ಅಂದಳು ಅವ್ವ.
"ಪರೀಕ್ಷಾ ಅದ" ಅಂದೆ. ಸುಳ್ಳೇನಲ್ಲ.

ಆಮೇಲೆ ಗಂಜಿನಲ್ಲಿ ತೆಗೆದ ಫೋಟೋ:
ತೊಗರಿ ಮೂಟೆ, ಅದರ ಕೆಳಗೆ ಒಂದು ಬೆನ್ನು.
ಅಡಿಬರಹ: ಶ್ರಮಜೀವಿ.
ಸರ್ ಅದನ್ನು ಹೊಡೆದುಹಾಕಿ ಒಂದೇ ಪದ ಕೇಳಿದರು,
"ಹೆಸರು?"
ಆಟೋಕ್ಕೆ ಇಪ್ಪತ್ತು ರೂಪಾಯಿ ಕೊಟ್ಟು ಮತ್ತೆ ಹೋದೆ.
ಆ ಬೆನ್ನಿಗೆ ಅಂಬಾರಾಯ ಎಂದು ಹೆಸರಿತ್ತು,
ಚಹಾ ಕುಡಿಸದೆ ಕಳಿಸಲಿಲ್ಲ.

ಇನ್ನೊಂದು ದಿನ ಫ್ಯಾನ್ ಆರಿಸಿ, ಬಾಗಿಲು ಹಾಕಿ,
ಹದಿನಾಲ್ಕು ಮಂದಿಯನ್ನು ಸುಮ್ಮನೆ ಕೂರಿಸಿದರು.
"ಪ್ರತಿ ಕೋಣೆಗೂ ತನ್ನದೇ ಮೌನ ಇರತದ.
ಮೂವತ್ತು ಸೆಕೆಂಡು ಹಿಡಕೊಂಡು ಬರ್ರಿ.
ಕತ್ತರಿಸಿದಲ್ಲಿ ಹೊಲೀಲಾಕ ಬೇಕಾಗತದ."
ಹನ್ನೊಂದನೇ ಸೆಕೆಂಡಿಗೆ ರೇವಣಸಿದ್ಧನ ಹೊಟ್ಟೆ ಗುರುಗುಟ್ಟಿತು.
ಕ್ಲಾಸಿಗೆ ಕ್ಲಾಸೇ ನಕ್ಕಿತು.
ಆ ಫೈಲು ಇನ್ನೂ ಇದೆ ನನ್ನ ಬಳಿ,
ಹೆಸರು: ರೇವಣ ಹೊಟ್ಟೆ ಒಂದು.

ಈಗ ಕಡೆಯ ಪ್ರಾಜೆಕ್ಟು, ಶಹಾಬಾದಿನ ಕಲ್ಲಿನ ಶೆಡ್ಡು.
ಪ್ಯಾಸೆಂಜರ್ ಗಾಡಿಯಲ್ಲಿ ಬಂದಿದ್ದೇವೆ ನಾನೂ ರೇವಣನೂ,
ವಿಭಾಗದ ಕ್ಯಾಮೆರಾ ತೊಡೆಯ ಮೇಲೆ ಮಗುವಿನಂತೆ.
ಅದರ ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು.

ಲಾಲಬಿ ಇಪ್ಪತ್ತೆರಡು ವರ್ಷದಿಂದ
ತಿರುಗುವ ಗರಗಸಕ್ಕೆ ನೀರು ಬಿಡುತ್ತಾಳೆ.
ಹುಬ್ಬಿನ ಮೇಲೆ ಕಲ್ಲಿನ ಹಿಟ್ಟು, ನನ್ನ ಮೈಕಿನ ಮೇಲೂ.
ಹಾಳೆಯಲ್ಲಿ ಹನ್ನೊಂದು ಪ್ರಶ್ನೆ ಬರೆದು ತಂದಿದ್ದೆ,
ಒಂದೂ ಅವಳನ್ನು ಮುಟ್ಟಲಿಲ್ಲ.
ಹೆಡ್‌ಫೋನಿನ ತುಂಬ ಕರ್ ಕರ್ ಗರಗಸ,
ಮತ್ತದೇ ಹಸಿರು ನಾಲ್ಕು ಕಣ್ಣಮುಂದೆ.
"ಅವರ ಬಳಿ ಸದ್ದೂ ಬರ್ಲಾಕತ್ತದ" ಅಂದ ರೇವಣ.
ಬಿಚ್ಚಿಡು ಎನ್ನಲು ಬಾಯಿ ಬರಲಿಲ್ಲ.
ಅವಳ ಬಳೆ ಅವಳ ಮಾರ್ಕೆಟ್ಟು.

ಮಧ್ಯಾಹ್ನ ಕರೆಂಟು ಹೋಯಿತು.
ಗರಗಸ ಉಸಿರೆಳೆದು, ಉಸಿರೆಳೆದು, ನಿಂತಿತು.
ಈಗ ಕೇಳಬಹುದು. ಮೊದಲನೇ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು.
ಯಾಕೋ ಕೈ ಎತ್ತಿದೆ. ರೇವಣನಿಗೆ ಗೊತ್ತಾಯಿತು,
ಹೊಟ್ಟೆ ಹಿಡಿದುಕೊಂಡು ಕೂತ.

ಬ್ಲೇಡಿನಿಂದ ತೊಟ್ಟಿಕ್ಕುವ ನೀರು.
ತಗಡಿನ ಮೇಲೆ ಪಾರಿವಾಳದ ಉಗುರು.
ದೂರ ವಾಡಿಯ ಕಡೆ ಹೋಗುವ ಗೂಡ್ಸು.
ಇಪ್ಪತ್ತೆಂಟು. ಇಪ್ಪತ್ತೊಂಬತ್ತು.

"ಮಷೀನ್ ನಿಂತದೇನು ಬೇಟಿ?"
ಸುಮ್ಮನಾದ ಬೆಲ್ಟು ನೋಡಿ ಕೇಳಿದಳು ಲಾಲಬಿ.
ಹೌದೆಂದು ತಲೆಯಾಡಿಸಿದೆ.
"ನನ್ನ ಕಿವ್ಯಾಗ ಇನ್ನಾ ನಡೀಲಾಕತ್ತದ.
ಮಲಗಿದಾಗ ಸುದ್ದಾ ನಡೀತದ.
ನೀ ಏನ್ ಕೇಳ್ಬೇಕಂತ ಬಂದಿದ್ದಿ?"

ಹಾಳೆ ಮಡಚಿ ಬ್ಯಾಗಿಗೆ ಹಾಕಿದೆ.

ರಾತ್ರಿ ಲ್ಯಾಬಿನಲ್ಲಿ ಜೋಡಿಸುತ್ತ ಕೂತರೆ
ಹೊಲಿಯಲೆಂದು ತಂದ ನೂಲೇ ಬಟ್ಟೆಯಾಗಿತ್ತು.
ಮೊದಲ ಅರ್ಧ ನಿಮಿಷ ಚಿತ್ರದಲ್ಲಿ ಏನೂ ನಡೆಯುವುದಿಲ್ಲ.
ಕೆಳಗೆ ಬರೆದೆ: ಲಾಲಬಿ, ಶಹಾಬಾದ್.
ಅಂಕ ಇನ್ನೂ ಬಂದಿಲ್ಲ.
ಸರ್ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.
ಅದು ದೂಳಿಗೂ ಇರಬಹುದು.

ಮನೆಗೆ ಬಂದು, ನಿದ್ದೆ ಬಾರದೆ,
ಹಳೆಯ ನಾಲ್ಕು ಅಂಕದ ಫೈಲು ಹುಡುಕಿ ತೆಗೆದು
ಒಳ್ಳೆಯ ಹೆಡ್‌ಫೋನಿನಲ್ಲಿ ಮತ್ತೆ ಕೇಳಿದೆ.
ಗಾಳಿ. ನನ್ನ ಬಳೆ. ಮತ್ತೆ ಗಾಳಿ.
ನಲವತ್ತನೇ ಸೆಕೆಂಡಿಗೆ, ಅದರ ಹಿಂದೆ ಎಲ್ಲೋ,
ಯಾವಳೋ ಮಲ್ಲಿಗೆ ಅಳೆಯುತ್ತಿದ್ದಾಳೆ:
ಮೊಳಕ್ಕ ಹತ್ತು, ತಗೋ ಯವ್ವಾ,
ಇಷ್ಟೊತ್ತನಕ ನಿಂತೀಯಲ್ಲ, ತಗೋ.